ಮೇಜಿನ ನಡುಗಾಲು

ಸೊಸೆ ಕೆಲಸ ಮಾಡುವ ವಿಮೆ ಕಂಪನಿಯವರು ಅವಳಿಗೆಂದು ಮೊದಲು ಕಳಿಸಿದ್ದು ಚಕ್ರ ಇರುವ ಒಂದು ಆಫೀಸು ಕುರ್ಚಿ. ಬೆನ್ನಿಗೆ ಬಲೆ, ಕೈಗೆ ಆಸರೆ. ಪಕ್ಕದ ಹಿಡಿ ಎಳೆದರೆ ಮೇಲೇಳುವುದು, ಒತ್ತಿದರೆ ಉಸ್ಸೆಂದು ಇಳಿಯುವುದು. ಮನೆಯಲ್ಲೇ ಕೂತು ದಿನವಿಡೀ ಕೆಲಸ ಮಾಡುವವಳ ಬೆನ್ನು ನೆಟ್ಟಗಿರಲಿ ಎಂದು ಕೊಟ್ಟ ಕುರ್ಚಿ ಅದು. ಸೊಸೆ ಅದರ ಮೇಲೆ ಕೂತದ್ದು ಹೆಚ್ಚೆಂದರೆ ಒಂದು ವಾರ. ಅಷ್ಟರಲ್ಲಿ ಅತ್ತೆಯ ಮಂಡಿನೋವು ಜೋರಾಯಿತು. ತರಕಾರಿ ಹೆಚ್ಚಲು ಕುರ್ಚಿ ಅಡುಗೆಮನೆಗೆ ಹೋಯಿತು, ಟಿವಿ ನೋಡಲು ನಡುಮನೆಗೆ ಬಂತು, ಆಮೇಲೆ ಮುದುಕಿ ಅದರಿಂದ ಇಳಿಯುವುದನ್ನೇ ಬಿಟ್ಟಳು. ಕಾಲಲ್ಲಿ ನೆಲ ಒದ್ದುಕೊಂಡು ಮನೆಯೆಲ್ಲ ಉರುಳಾಡುತ್ತಿದ್ದಳು. ಸೊಸೆ ಪ್ಲಾಸ್ಟಿಕ್ ಕುರ್ಚಿಗೆ ದಿಂಬು ಕಟ್ಟಿಕೊಂಡಳು. ಏನೂ ಅನ್ನಲಿಲ್ಲ.

ಏನೂ ಅನ್ನದಿದ್ದದ್ದನ್ನು ಮಾವ ಗಮನಿಸಿದ್ದ. ಮಾವ ಎಂದರೆ ಬೀದಿಗೆಲ್ಲ ಮೇಸ್ತ್ರಿ. ಕೈ ನಡುಗಲು ಶುರುವಾದ ಮೇಲೆ ಬಡಗಿ ಕೆಲಸ ಬಿಟ್ಟಿದ್ದ, ಆದರೂ ಹಾದುಹೋಗುವವರು ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಶಾಲೆಗೆ ಹೋದದ್ದು ಅಷ್ಟಕ್ಕಷ್ಟೆ. ಮಾತೂ ಅಷ್ಟಕ್ಕಷ್ಟೆ.

ಸೊಸೆಯ ಕೆಲಸ ತಾಳೆ ನೋಡುವುದು. ಆಸ್ಪತ್ರೆಯ ಬಿಲ್ಲು ಒಂದು, ರೋಗಿಯ ಕಡೆಯವರು ತುಂಬಿದ ಅರ್ಜಿ ಒಂದು. ಎರಡನ್ನೂ ಸಾಲಿಗೆ ಸಾಲು ಹೊಂದಿಸಿ, ಹೊಂದದ ಕಡೆ ಗುರುತು ಹಾಕಿ ಕಳಿಸಬೇಕು. ಲ್ಯಾಪ್‌ಟಾಪಿನ ಪುಟ್ಟ ಪರದೆಯಲ್ಲಿ ಬಿಲ್ಲು ತೆರೆದರೆ ಅರ್ಜಿ ಮರೆಯಾಗುತ್ತಿತ್ತು, ಅರ್ಜಿ ತೆರೆದರೆ ಬಿಲ್ಲು. ಹಾಗಾಗಿ ಒಂದೆರಡು ತಪ್ಪು ಕಣ್ತಪ್ಪಿ ಹೋಗಿ, ಆಫೀಸಿನ ಮೇಲಿನವಳಿಂದ ಎಚ್ಚರಿಕೆಯೂ ಬಂದಿತ್ತು. ಇನ್ನೊಮ್ಮೆ ಹೀಗಾದರೆ ಬೇರೆ ಕೆಲಸ ನೋಡಿಕೊಳ್ಳಬೇಕಾಗುತ್ತದೆ ಎಂಬ ಮಾತು. ಅದರ ಜೊತೆಗೇ ಒಂದು ಪ್ರಶ್ನೆ: ನಿಮಗೆ ಒಂದು ದೊಡ್ಡ ಮಾನಿಟರ್ ಕಳಿಸೋಣವೋ, ಸಾಧಾರಣ ಅಳತೆಯವು ಎರಡು ಕಳಿಸೋಣವೋ?

ಅವಳು ಇದನ್ನು ರಾತ್ರಿ ಊಟದ ಹೊತ್ತಿಗೆ ಹೇಳಿದಳು. ಹೇಳಬಾರದಿತ್ತು ಎಂದು ಆಮೇಲೆ ಅನಿಸಿರಬೇಕು.

"ಎರಡು ತಗೊ," ಅಂದ ಗಂಡ, ತಟ್ಟೆಯಿಂದ ತಲೆ ಎತ್ತದೆ.

"ಇನ್ನೂ ಯೋಚನೆ ಮಾಡಿಲ್ಲ."

"ಇದರಲ್ಲಿ ಯೋಚನೆ ಏನು ಬಂತು? ಪುಕ್ಕಟೆ ಕೊಡೋರು ಎರಡು ಅಂದ್ರೆ, ಒಂದೇ ಸಾಕು ಅನ್ನೋರನ್ನ ಎಲ್ಲಾದ್ರೂ ನೋಡಿದ್ದೀಯಾ?"

"ಆ ಒಂದು ದೊಡ್ಡದು ರೀ. ಹೆಚ್ಚುಕಮ್ಮಿ ಎರಡರಷ್ಟೇ ಅಗಲ."

"ಎರಡು ಅಂದ್ರೆ ಎರಡೇ."

ಮೇಸ್ತ್ರಿ ಮೊಮ್ಮಗಳ ಕಡೆ ತಿರುಗಿದ. ಅವಳಿಗೆ ಮನೆಯಲ್ಲಿ ಗುಬ್ಬಿ ಎಂದು ಹೆಸರು. "ಅಲ್ಲ ಗುಬ್ಬಿ, ಮಾನಿಟರ್ ಅಂದ್ರೆ ಕ್ಲಾಸಲ್ಲಿ ಗಲಾಟೆ ಮಾಡೋರ ಹೆಸರನ್ನ ಬೋರ್ಡ್ ಮೇಲೆ ಬರೆಯೋನಲ್ವಾ? ನನ್ನ ಹೆಸರನ್ನ ದಿನಾ ಬರೀತಿದ್ದ, ದರಿದ್ರದವನು."

"ಅದೂ ಮಾನಿಟರ್ರೇ ತಾತ. ನಮ್ಮ ಕ್ಲಾಸಲ್ಲಿ ಎರಡು ಇವೆ. ನಾನೊಂದು, ಇನ್ನೊಂದು ಒಬ್ಬ ಹುಡುಗ. ಬೋರ್ಡ್ ಒರೆಸೋದು, ಪುಸ್ತಕ ಹೊರೋದು ಎಲ್ಲ ನಾನು. ಅವನು ಬ್ಯಾಡ್ಜ್ ಹಾಕ್ಕೊಂಡು ಓಡಾಡ್ತಾನೆ."

ಸೊಸೆಗೆ ನಗು ತಡೆಯಲಾಗಲಿಲ್ಲ. ಗಂಡ ತಟ್ಟೆ ದೂಡಿ ಎದ್ದ.

"ನಗು, ನಗು. ಮಗಳಿಗೆ ಚೆನ್ನಾಗಿ ಪಾಠ ಹೇಳ್ಕೊಟ್ಟಿದ್ದೀಯ."

"ನಾನೇನು ಹೇಳ್ಕೊಟ್ಟೆ? ಅದು ಅವಳ ಕ್ಲಾಸಿನ ವಿಷಯ."

"ಯಾರ ವಿಷಯ ಅಂತ ನನಗೆ ಗೊತ್ತಾಗುತ್ತೆ."

ಆ ಮಾತು ಅವನಿಗೆ ಚುಚ್ಚಲು ಕಾರಣವಿತ್ತು. ಕಟ್ಟಡದ ಕಂಪನಿಯೊಂದರಲ್ಲಿ ಅವನು ಸೂಪರ್‌ವೈಸರ್ ಆಗಿದ್ದ. ಕಂಪನಿ ಬಾಗಿಲು ಹಾಕಿತು. ಈಗ ಊಟದ ಮೇಜಿನ ಮೇಲೆ ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡು ಯಾರ್ಯಾರದೋ ಮನೆಯ ನಕ್ಷೆ ಬಿಡಿಸುತ್ತಿದ್ದ. ಗೆರೆಗಳು ಸಣ್ಣಗೆ ಕಂಡು ಕಣ್ಣಲ್ಲಿ ನೀರು ಬರುತ್ತಿತ್ತು. ಊಟದ ಹೊತ್ತಾದರೆ ಎಲ್ಲ ಎತ್ತಿಕೊಂಡು ಏಳಬೇಕು. ಎರಡು ಮಾನಿಟರ್ ಬಂದರೆ ಒಂದು ತನಗೆ ಎಂದು ಅವನು ಬಾಯಿಬಿಟ್ಟು ಹೇಳಲಿಲ್ಲ. ಮನೆಯಲ್ಲಿ ಅದು ತಿಳಿಯದೆ ಉಳಿದವರೂ ಇರಲಿಲ್ಲ.

ಮರುದಿನ ಅವನು ಅಪ್ಪನ ಹತ್ತಿರ ಬಂದು ಪಿಸುಮಾತಲ್ಲಿ ಹೇಳಿದ: "ಅಪ್ಪ, ಒಳಗಿನ ಕೋಣೆಗೆ ಒಂದು ಉದ್ದ ಮೇಜು ಮಾಡಿಕೊಡು. ಈ ಗೋಡೆಯಿಂದ ಆ ಗೋಡೆವರೆಗೆ. ಎರಡು ಮಾನಿಟರ್ ಬರುತ್ತೆ. ಒಂದು ಕಡೆ ಅವಳು, ಒಂದು ಕಡೆ ನಾನು."

ಮೇಸ್ತ್ರಿಗೆ ಆದ ಖುಷಿ ಯಾರಿಗೆ ಹೇಳಬೇಕು? ಯಾರೂ ಅವನಿಗೆ ಕೆಲಸ ಹೇಳಿ ವರ್ಷಗಳಾಗಿದ್ದವು. ಹಿತ್ತಲಿನ ಹಳೆಯ ಕಪಾಟನ್ನು ಬಿಚ್ಚಿದ. ಗೋಡೆ ಅಳೆದ. ಮಗನನ್ನು ಕೂರಿಸಿ ಮೊಣಕೈ ಎತ್ತರ ನೋಡಿದ. ಕಪಾಟಿನ ಹಲಗೆ ಅಷ್ಟುದ್ದ ಬರಲಿಲ್ಲವಾದ್ದರಿಂದ ಎರಡು ಹಲಗೆಗಳನ್ನು ನಟ್ಟನಡುವೆ ಕೂಡಿಸಿ, ಮೇಲೆ ಬಣ್ಣ ಬಳಿದು ಗೆರೆ ಕಾಣದಂತೆ ಮಾಡಿದ. ಮಾನಿಟರ್ ಎಂದರೆ ಅವನ ಕಣ್ಣಿಗೆ ಬಂದದ್ದು ಹಿಂದಿನ ಕಾಲದ ಡಬ್ಬಿ ಟಿವಿ. ಒಂದನ್ನು ಎತ್ತಲು ಇಬ್ಬರು ಗಂಡಸರು ಬೇಕಿತ್ತು. ಅಂಥವು ಎರಡು ಕೂತರೆ ಹಲಗೆ ತಡೆದೀತೇ? ಜೋಡಣೆಯ ಕೆಳಗೆ, ಸರಿಯಾಗಿ ನಡುವೆ, ಒಂದು ದಪ್ಪ ಕಾಲು ಕೊಟ್ಟ. ಆ ಕಡೆ ಒಬ್ಬರು, ಈ ಕಡೆ ಒಬ್ಬರು, ನಡುವೆ ಗಡಿ ಇದ್ದ ಹಾಗೂ ಆಯಿತು ಎಂದುಕೊಂಡ.

ಈ ಕೆಲಸವೆಲ್ಲ ನಡೆಯುವಾಗ ಸೊಸೆ ನಡುಮನೆಯ ಮೂಲೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದಳು. ಹಿತ್ತಲಿನ ಸದ್ದಿಗೆ ಒಂದು ಕಿವಿ ಮುಚ್ಚಿಕೊಂಡು ಫೋನಲ್ಲಿ ಮಾತಾಡುತ್ತಿದ್ದಳು. ಮಾವ ಏನೋ ಮರ ಬಡಿಯುತ್ತಿದ್ದಾನೆ ಎಂದಷ್ಟೇ ಅವಳಿಗೆ ಗೊತ್ತು. ಮೇಜು ಒಳಗೆ ಹೋದ ದಿನ ಅತ್ತೆ ಕುರ್ಚಿಯಲ್ಲಿ ಉರುಳಿಕೊಂಡು ಬಂದು ಕರೆದಳು: "ಬಾ, ನೋಡು ಬಾ. ನಿನ್ನ ಆಫೀಸು."

ಸೊಸೆ ಒಳಗೆ ಬಂದಳು. ಅವಳ ಮುಖ ಅರಳಿದ್ದನ್ನು ಮೇಸ್ತ್ರಿ ಕಣ್ಣಾರೆ ಕಂಡ. ಅವಳು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ನೇರ ನಡುವೆ ಕೂತಳು. ಮಂಡಿ ಟಕ್ಕೆಂದು ಬಡಿಯಿತು.

"ಇದೇನು ಮಾವ?"

"ಕಾಲು."

"ಅದು ಕಾಣ್ತಿದೆ. ಮೇಜಿಗೆ ಐದು ಕಾಲು ಕೊಟ್ಟಿದ್ದೀರಿ, ನನಗಿರೋ ಎರಡನ್ನ ಎಲ್ಲಿಡಲಿ?"

"ನೀನು ನಡುವೆ ಕೂರಲ್ವಲ್ಲ. ಆ ಕಡೆ ನೀನು, ಈ ಕಡೆ ಅವನು. ಎರಡು ಮಾನಿಟರ್..."

"ಎರಡು ಅಂತ ಯಾರು ಹೇಳಿದ್ದು?"

ಮೇಸ್ತ್ರಿ ಮಗನ ಮುಖ ನೋಡಿದ. ಮಗ ಕಿಟಕಿ ನೋಡಿದ.

"ಒಂದು ದೊಡ್ಡದು ಅಂತ ನಾನು ಕಂಪನಿಗೆ ಮೊನ್ನೆನೇ ಹೇಳಿ ಆಯ್ತು," ಅಂದಳು ಸೊಸೆ.

"ನನ್ನನ್ನ ಒಂದು ಮಾತು ಕೇಳದೆ?" ಮಗ ತಿರುಗಿ ನಿಂತ.

"ಮೇಜು ಮಾಡಿಸೋವಾಗ ನನ್ನನ್ನ ಕೇಳಿದ್ರಾ?"

"ಎಲ್ಲ ಆಫೀಸಲ್ಲೂ ಎರಡೇ ಇರೋದು. ನಾನು ನೋಡಿಲ್ವಾ?"

"ಇರಲಿ. ನನ್ನ ಕೆಲಸಕ್ಕೆ ಆಗಲ್ಲ. ಎರಡಿದ್ರೆ ನಡುವೆ ಅಂಚಿನ ಪಟ್ಟಿ ಬರುತ್ತೆ. ಬಿಲ್ಲಿನ ಸಾಲು ಆ ಕಡೆ, ಅರ್ಜಿ ಸಾಲು ಈ ಕಡೆ, ಬೆಳಗಿಂದ ಸಂಜೆವರೆಗೆ ಕತ್ತು ತಿರುಗಿಸ್ತಾನೇ ಇರಬೇಕು. ಒಂದೇ ಆದ್ರೆ ಎರಡನ್ನೂ ಪಕ್ಕಪಕ್ಕದಲ್ಲೇ ಇಟ್ಟು ನೋಡ್ತೀನಿ."

"ಅದು ಬರೀ ನೆಪ."

"ಸರಿ, ನೆಪ ಬೇಡ, ನಿಜಾನೇ ಕೇಳಿ. ಎರಡು ಬಂದ್ರೆ ಒಂದು ನಿಮ್ಮದಾಗುತ್ತೆ. ಆಮೇಲೆ ಇನ್ನೊಂದನ್ನೂ 'ಒಂದು ಗಳಿಗೆ ಕೊಡು' ಅಂತೀರಿ. ಹೀಗೇ ನನ್ನ ಸ್ಕೂಟರ್ ಹೋಯ್ತು, ಹೆಡ್‌ಫೋನ್ ಹೋಯ್ತು, ಕುರ್ಚಿ ಹೋಯ್ತು. ಒಂದನ್ನ ಕೊಯ್ದು ಪಾಲು ಮಾಡಕ್ಕಾಗಲ್ಲ ನೋಡಿ, ಅದಕ್ಕೇ ಒಂದು."

"ಓಹೋ, ನನ್ನ ಕುರ್ಚಿಗೆ ಬಂತಾ ಮಾತು!" ಅತ್ತೆ ಕೂಗಿದಳು. "ತಗೊಳ್ಳೇ ತಾಯಿ, ತಗೊ! ಎದ್ದೆ, ಇಗೋ ಎದ್ದೆ!" ಎದ್ದೆ ಎದ್ದೆ ಎನ್ನುತ್ತಲೇ ಕೈ ಆಸರೆಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡಳು.

"ಕೆಲಸ ಇದೆ ಅನ್ನೋ ದರ್ಪ," ಅಂದ ಮಗ. "ನನ್ನ ಕೆಲಸ ಹೋಗಿದೆ ಅಂತ ತಾನೇ?"

"ನಂದೂ ಹೋಗೋ ಹಾಗಿದೆ. ಇನ್ನೊಂದು ತಪ್ಪು ಸಿಕ್ಕಿದ್ರೆ ಕಳಿಸ್ತಾರೆ. ಆಮೇಲೆ ಇಬ್ಬರೂ ಇಲ್ಲಿ ಕೂತು ಏನು ನೋಡೋಣ? ಗೋಡೆನಾ?"

ಮಾನಿಟರ್ ಬಂತು. ಪೆಟ್ಟಿಗೆ ಬಾಗಿಲಲ್ಲಿ ಅಡ್ಡ ನಿಂತು ಒಳಗೆ ಬರುವುದಿಲ್ಲ ಎಂದು ಹಟ ಮಾಡಿತು. ಗಂಡ ಟೀ ಕುಡಿಯುತ್ತ ನೋಡುತ್ತಿದ್ದ. ಸೊಸೆಯೇ ಪೆಟ್ಟಿಗೆ ಹರಿದು, ಎದೆಗವುಚಿಕೊಂಡು ಒಳಗೆ ಒಯ್ದಳು. ಮೇಸ್ತ್ರಿ ಇಣುಕಿ ನೋಡಿದ. ಹಪ್ಪಳದಷ್ಟು ತೆಳು! ಇಂಥದಕ್ಕೆ ತಾನು ಆನೆ ನಿಲ್ಲಿಸುವ ಕಾಲು ಕೊಟ್ಟೆನಲ್ಲ ಎಂದು ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಸಿಟ್ಟು ಬಂತು.

ಅವಳು ನಡುವೆ ಕೂತು, ಎರಡೂ ಕಾಲನ್ನು ಒಂದೇ ಪಕ್ಕಕ್ಕೆ ಮಡಚಿ, ಸೊಂಟ ತಿರುಚಿಕೊಂಡು ಕೆಲಸ ಮಾಡಿದಳು. ಕೆಲವು ದಿನವಾದ ಮೇಲೆ ಮಾವ ಪತ್ರಿಕೆ ತಿರುವುತ್ತಿದ್ದಲ್ಲಿಗೆ ಬಂದಳು.

"ಮಾವ, ಆ ನಡುಗಾಲು ತೆಗೆದುಕೊಡಿ."

ಮಗ ಊಟದ ಮೇಜಿನಿಂದಲೇ ಅಂದ: "ಅಪ್ಪ, ಮುಟ್ಟಬೇಡ."

"ತೆಗೆಯಕ್ಕೆ ಬರಲ್ಲ," ಅಂದ ಮೇಸ್ತ್ರಿ.

"ಬರಲ್ವೋ, ಮನಸ್ಸಿಲ್ವೋ?"

ಅವನು ಪುಟ ತಿರುವಿದ. ಮೇಲೆ ಜೋಡಣೆ ಇದೆ, ಕಾಲು ತೆಗೆದರೆ ಹಲಗೆ ಬಾಯಿಬಿಡುತ್ತದೆ ಎಂದು ಹೇಳಲು ಒಂದು ಉಸಿರು ಸಾಕಿತ್ತು. ಆದರೆ ಮಾಡಿಕೊಟ್ಟದ್ದಕ್ಕೆ ಒಂದು ಒಳ್ಳೆ ಮಾತಾಡದವಳಿಗೆ ಯಾಕೆ ವಿವರಿಸಬೇಕು ಎಂದು ಅವನ ನಾಲಿಗೆ ಎದ್ದೇಳಲಿಲ್ಲ.

ಭಾನುವಾರ ಬೆಳಿಗ್ಗೆ ಅವನು ತರಕಾರಿ ಚೀಲ ಹಿಡಿದು ಬರುತ್ತಿದ್ದಾಗ ಮೆಟ್ಟಿಲ ಮೇಲೆಯೇ ಕೇಳಿಸಿತು. ಗರಗಸದ ಸದ್ದು. ಅದೂ ಅವನ ಗರಗಸದ್ದೇ. ಆ ಸದ್ದನ್ನು ನಿದ್ದೆಯಲ್ಲೂ ಗುರುತಿಸಬಲ್ಲ. ಹಲ್ಲು ಮರ ಹಿಡಿಯುವುದು, ಸಿಕ್ಕಿಕೊಳ್ಳುವುದು, ಕೀರೆಂದು ಅಳುವುದು. ಅಯ್ಯೋ, ಒತ್ತುತ್ತಿದ್ದಾಳೆ, ಎಳೆಯುತ್ತಿಲ್ಲ ಎಂದು ಅವನ ಹಲ್ಲು ಜುಮ್ಮೆಂದಿತು.

ಕೋಣೆಯ ಬಾಗಿಲಲ್ಲಿ ಎಲ್ಲರೂ ಸೇರಿದ್ದರು. ಒಬ್ಬರಿಗೂ ಒಳಗೆ ಕಾಲಿಡುವ ಧೈರ್ಯವಿರಲಿಲ್ಲ. ಮಾನಿಟರನ್ನು ಹಾಸಿಗೆಯ ಮೇಲೆ ಮಲಗಿಸಿ, ಸೊಸೆ ಮೇಜಿನ ಕೆಳಗೆ ಮಂಡಿಯೂರಿದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಳು, ಕೂದಲಲ್ಲಿ ಮರದ ಪುಡಿ.

"ಹುಚ್ಚು ಹಿಡಿದಿದೆ ಇವಳಿಗೆ," ಅಂದ ಮಗ. "ಅಪ್ಪ, ಹೇಳು."

"ಬೆರಳು ಜೋಪಾನ," ಅಂದುಬಿಟ್ಟ ಮೇಸ್ತ್ರಿ.

"ಏನ್ರೀ ಇದು!" ಹೆಂಡತಿ ಅವನ ತೋಳು ಚಿವುಟಿದಳು. "ನಿಲ್ಲಿಸು ಅನ್ನಿ ಅಂದ್ರೆ ಜೋಪಾನ ಅಂತೀರಲ್ಲ!"

ಕಾಲು ಕಳಚಿ ನೆಲಕ್ಕೆ ಬಿತ್ತು. ಕೊಯ್ದ ಜಾಗ ಇಲಿ ಕಡಿದ ಹಾಗೆ ಸೊಟ್ಟಗಿತ್ತು. ಅವಳು ಅದನ್ನು ಎತ್ತಿ ತಂದು ಮಾವನ ಮುಂದೆ ಇಟ್ಟಳು. ಗರಗಸವನ್ನೂ ಅದರ ಪಕ್ಕದಲ್ಲಿ ಇಟ್ಟಳು.

"ಬರುತ್ತೆ ಮಾವ. ತೆಗೆಯಕ್ಕೆ ಬರುತ್ತೆ."

ಆಮೇಲಿನ ವಾರಗಳಲ್ಲಿ ಆ ಮನೆಯಲ್ಲಿ ಊಟ ಮೂರು ಸಲ ಬಡಿಸುವಂತಾಯಿತು. ಸೊಸೆ ಬೇಯಿಸಿಟ್ಟು, ತನ್ನ ತಟ್ಟೆ ಹಿಡಿದು ಕೋಣೆಗೆ ಹೋಗುವಳು. ಮಗ ನಕ್ಷೆ ಮುಗಿಯಲಿ ಎನ್ನುವನು. ಅತ್ತೆ, ಆಲೂಗಡ್ಡೆಗೆ ಉಪ್ಪಿಲ್ಲ ಎಂದು ಗೋಡೆಗೆ ಹೇಳುವಳು. ಒಳಗಿನಿಂದ ಉತ್ತರ ಬರುವುದು: "ಉಪ್ಪಿನ ಡಬ್ಬಿಗೂ ಚಕ್ರ ಹಾಕಿಸ್ಕೊಳ್ಳಿ ಅತ್ತೆ, ತಾನೇ ಬರುತ್ತೆ."

ಒಂದು ಸಂಜೆ ಮಗ ಸೋತು ಕೋಣೆಯ ಹೊಸ್ತಿಲಿಗೆ ಬಂದ.

"ಆರರ ಮೇಲೆ ನಿನಗೆ ಕೆಲಸ ಇರಲ್ಲ. ಆಗ ನಾನು ಕೂರ್ತೀನಿ."

"ಆರಕ್ಕೆ ಆಫ್ ಮಾಡ್ತೀನಿ."

"ಆಫ್ ಮಾಡಿ? ಅದರಲ್ಲಿ ನಿನ್ನ ಮುಖ ನೋಡ್ಕೋತೀಯಾ?"

"ಹೌದು. ನನ್ನ ಮುಖ ನೋಡ್ಕೊಂಡು ಬಹಳ ದಿನ ಆಯ್ತು."

ಅವನು ಕೈಯಲ್ಲಿದ್ದ ಪೆನ್ಸಿಲನ್ನು ಮುರಿದು ಅಲ್ಲೇ ಎಸೆದ. ಬೆಳಿಗ್ಗೆ ಅವಳು ಎರಡು ತುಂಡನ್ನೂ ಗುಡಿಸಿ, ಅವನ ಲ್ಯಾಪ್‌ಟಾಪಿನ ಮೇಲೆ ಜೋಡಿಸಿಟ್ಟಿದ್ದಳು. ದಿನಾ ಪಕ್ಕದಲ್ಲಿಡುತ್ತಿದ್ದ ಟೀ ಲೋಟ ಇರಲಿಲ್ಲ.

ಇಷ್ಟರ ನಡುವೆ ಮೇಸ್ತ್ರಿಗೆ ಹೊಸದೊಂದು ಅಭ್ಯಾಸ ಹತ್ತಿತ್ತು. ಸೊಸೆ ಗುಬ್ಬಿಯನ್ನು ಶಾಲೆಗೆ ಬಿಡಲು ಹೋದಾಗ ಕೋಣೆಗೆ ಹೋಗಿ, ಜೋಡಣೆಯ ಮೇಲೆ ಹೆಬ್ಬೆರಳಾಡಿಸುವುದು. ಮೊದಲು ಬಣ್ಣದಲ್ಲಿ ಕೂದಲೆಳೆಯಷ್ಟು ಬಿರುಕು. ಆಮೇಲೆ ಉಗುರು ಇಳಿಯುವಷ್ಟು. ಅದರ ಮೇಲೆಯೇ ಆ ದೊಡ್ಡ ಮಾನಿಟರ್ ಒಂಟಿ ಕಾಲಲ್ಲಿ ನಿಂತಿತ್ತು, ಎದುರಿಗೆ ಅವಳು ದಿನವಿಡೀ ಮೊಣಕೈ ಊರುತ್ತಿದ್ದಳು.

"ಆ ಮೇಜು ಬಾಯಿಬಿಡ್ತಿದೆ," ಅಂದ ಹೆಂಡತಿಗೆ ಒಮ್ಮೆ.

"ಅವಳಿಗೆ ಗೊತ್ತಾ?"

"ಇಲ್ಲ."

"ನೀವು ಬಾಯಿಬಿಡಬೇಡಿ. ಕೊಯ್ಯಕ್ಕೆ ಗೊತ್ತಿರೋಳಿಗೆ ಕೂಡಿಸೋದೂ ಗೊತ್ತಿರಬೇಕು. ಬೀಳಲಿ, ಬುದ್ಧಿ ಬರುತ್ತೆ."

"ಬಿದ್ರೆ ಮಾನಿಟರ್ ಒಡೆಯುತ್ತೆ. ಅದು ಕಂಪನಿದು. ಅವಳ ಕೆಲಸಕ್ಕೆ ಕುತ್ತು."

"ಮನೇಲಿರ್ತಾಳೆ. ಮುಂಚೆ ಇರಲಿಲ್ವಾ?"

ಮೇಸ್ತ್ರಿ ಹೇಳಲಿಲ್ಲ. ಹೆಂಡತಿ ಬೇಡವೆಂದಳೆಂದಲ್ಲ. ಸೊಸೆ ಬರಲಿ, ಮಾವ ಇದು ಯಾಕೋ ಹೀಗಾಗಿದೆ ನೋಡಿ ಎನ್ನಲಿ, ಆಗ ಹೇಳುತ್ತೇನೆ ಎಂದು ಕಾದ. ಕಾಯುವುದು ಅವನಿಗೆ ಚೆನ್ನಾಗಿ ಬರುತ್ತಿತ್ತು.

ಮೇಜು ಮುರಿದದ್ದು ನಡುಹಗಲಲ್ಲಿ. ಫಟ್ ಎಂದು ಸದ್ದಾಯಿತು, ಅದರ ಹಿಂದೆಯೇ ಸೊಸೆಯ ಕೂಗು. ಮೇಸ್ತ್ರಿ ಓಡಿದ. ಹಲಗೆ ನಡುವೆ ಕುಸಿದು ಹಳ್ಳವಾಗಿತ್ತು. ಮಾನಿಟರ್ ಮುಂದಕ್ಕೆ ಮಗುಚಿತ್ತು, ಅವಳು ಅದನ್ನು ಎರಡೂ ತೋಳಲ್ಲಿ ತಬ್ಬಿ, ಗಲ್ಲ ಒತ್ತಿ ಹಿಡಿದಿದ್ದಳು. ಲ್ಯಾಪ್‌ಟಾಪಿನಿಂದ ಯಾವುದೋ ಹೆಂಗಸಿನ ದನಿ "ಹಲೋ? ಇದ್ದೀರಾ? ಏನಾಯ್ತು?" ಎನ್ನುತ್ತಿತ್ತು.

"ನಾನು ಹೇಳಿರಲಿಲ್ವಾ?" ಮಗ ಬಾಗಿಲಲ್ಲಿ ಕೈ ಕಟ್ಟಿ ನಿಂತ. "ಎರಡು ತಗೊಂಡಿದ್ರೆ ಆ ಕಾಲು ಇರ್ತಿತ್ತು. ಅನುಭವಿಸು."

"ಹಿಡ್ಕೊಳ್ಳಿ ಯಾರಾದ್ರೂ!"

ಅತ್ತೆಯ ಕುರ್ಚಿ ಬಾಗಿಲಲ್ಲಿ ಮಗನ ಕಾಲಿಗೆ ಸಿಕ್ಕಿಕೊಂಡು ಮುಂದೆ ಬರಲಾರದಾಯಿತು. ಮೇಸ್ತ್ರಿ ಮೇಜಿನ ಕೆಳಗೆ ನುಗ್ಗಿ ಬೆನ್ನು ಕೊಟ್ಟ. ಅವಳು ಮಾನಿಟರನ್ನು ಹಾಸಿಗೆಗೆ ಒಯ್ದು, ಅಂಗೈಯಲ್ಲಿ ಒರೆಸಿ ಒರೆಸಿ ನೋಡಿದಳು. ಒಡೆದಿರಲಿಲ್ಲ. ಲ್ಯಾಪ್‌ಟಾಪಿಗೆ "ಏನಿಲ್ಲ ಮೇಡಂ, ಒಂದು ನಿಮಿಷ" ಎಂದು ಹೇಳಿ, ಮೈಕ್ ಆಫ್ ಮಾಡಿ, ಮೇಜಿನ ಹತ್ತಿರ ಬಂದಳು. ಬಿಟ್ಟುಕೊಂಡ ಹಲಗೆಗಳ ನಡುವೆ ಹಳೆಯ ಅಂಟು, ಮುರಿದ ಬೆಣೆ ಎಲ್ಲ ಕಾಣುತ್ತಿತ್ತು.

"ಇದು ಒಂದೇ ಹಲಗೆ ಅಲ್ವಾ?"

"ಅಲ್ಲ," ಅಂದ ಮೇಸ್ತ್ರಿ ಕೆಳಗಿನಿಂದ. "ಎರಡು ಕೂಡಿಸಿದ್ದು. ಕಾಲು ಇದ್ದದ್ದು ಅದಕ್ಕೇ."

"ಬೀಳುತ್ತೆ ಅಂತ ಗೊತ್ತಿತ್ತಾ?"

"ಗೊತ್ತಿತ್ತು."

"ಯಾವಾಗಿಂದ?"

"ನೀನು ಕೊಯ್ದ ದಿನದಿಂದ."

ಅವಳು ಕೂಗಾಡುತ್ತಾಳೆಂದು ಅವನು ಕಾದ. ಅವಳ ದನಿ ತಗ್ಗಿತು.

"ದಿನಾ ನಾನಿಲ್ಲದಾಗ ಬಂದು ಬೆರಳಾಡಿಸೋದು ನೀವಾ? ಬಣ್ಣದ ಮೇಲೆ ಗುರುತು ಬೀಳ್ತಿತ್ತು. ಗುಬ್ಬಿ ಅಂದ್ಕೊಂಡು ಅವಳಿಗೆ ಬೈದೆ."

"ನೀನು ಬಂದು ಕೇಳಿದ್ರೆ ಹೇಳ್ತಿದ್ದೆ."

"ನಾನು ಬಂದು ಕೇಳಿದೆ ಮಾವ. ಬರಲ್ಲ ಅಂದ್ರಿ, ಅಷ್ಟೆ. ಮಾಡೋ ಮುಂಚೆ ನೀವು ನನ್ನನ್ನ ಕೇಳಿದ್ರಾ? ಗೋಡೆ ಅಳತೆ ತಗೊಂಡ್ರಿ, ಮಗನ ಅಳತೆ ತಗೊಂಡ್ರಿ. ಕೆಲಸ ಮಾಡೋಳು ನಾನು. ನನ್ನ ಅಳತೆ?"

ಮೇಸ್ತ್ರಿ ಮೇಜಿನ ಕೆಳಗೆ ಕತ್ತು ಬಗ್ಗಿಸಿಕೊಂಡು ಕೂತ. ಐವತ್ತು ವರ್ಷ ಮರ ಕೊಯ್ದವನು. ಯಾರ ಮನೆಗೆ ಮಂಚ ಮಾಡಿದರೂ ಮಲಗುವವನನ್ನು ಮಲಗಿಸಿ ನೋಡಿಯೇ ಅಳತೆ ಹಿಡಿದವನು. ತನ್ನ ಮನೆಯವಳಿಗೆ ಮಾಡುವಾಗ ಅದು ಹೊಳೆಯಲಿಲ್ಲ.

"ಬಿಡು, ನಾನೇ ರಿಪೇರಿ..."

"ಬೇಡ. ನೀವು ಮುಟ್ಟಬೇಡಿ. ಈಗ ಈಚೆ ಬನ್ನಿ, ನನಗೆ ಕೆಲಸ ಇದೆ."

ಅವಳು ಉಳಿದ ದಿನವನ್ನು ಹಾಸಿಗೆಯ ಪಕ್ಕ ನೆಲದ ಮೇಲೆ ಕೂತು ಮುಗಿಸಿದಳು. ರಾತ್ರಿ ಅಡುಗೆ ಮಾಡಲಿಲ್ಲ. ಬ್ರೆಡ್ಡು, ಮೊಟ್ಟೆ ಊಟದ ಮೇಜಿನ ಮೇಲಿಟ್ಟು ಬಾಗಿಲು ಹಾಕಿಕೊಂಡಳು.

ಮರುದಿನ ಬೀದಿ ತುದಿಯ ವೆಲ್ಡಿಂಗ್‌ನವನು ಬಂದ. ಸೊಸೆಯೇ ಕರೆಸಿದ್ದು. ಹಲಗೆಗಳ ಕೆಳಗೆ ಕಬ್ಬಿಣದ ಚೌಕಟ್ಟು, ಕಾಲು ಮೂಲೆಗೆ ಮಾತ್ರ, ನಡುವೆ ಏನೂ ಇರಬಾರದು ಎಂದಳು. ವೆಲ್ಡಿಂಗ್‌ನವನು ಮೇಜನ್ನು ಮೇಲೆ ಕೆಳಗೆ ನೋಡಿದ.

"ಮರ ಏನೋ ಒಳ್ಳೇದು. ಯಾರಮ್ಮಾ ಮಾಡಿದ್ದು?"

ಸೊಸೆ ಮುರಿದ ಬೆಣೆಯ ಚೂರುಗಳನ್ನು ಗುಡಿಸತೊಡಗಿದಳು. ಹೊಸ್ತಿಲಾಚೆ ನಿಂತಿದ್ದ ಮೇಸ್ತ್ರಿ, "ನಾನು," ಅಂದ.

"ಓ, ಮೇಸ್ತ್ರಿ! ನೀವು ಮನೇಲಿದ್ದೂ ನನ್ನನ್ನ ಕರೆಸಿದ್ರಾ?" ಅವನು ನಕ್ಕ. ಬೇರೆ ಯಾರೂ ನಗಲಿಲ್ಲವಾದ್ದರಿಂದ ಅವನೂ ನಿಲ್ಲಿಸಿದ. ಅಳತೆಯ ಟೇಪು ಎಳೆದು, "ಯಾರಾದ್ರೂ ಆ ತುದಿ ಹಿಡ್ಕೊಳ್ರಪ್ಪ," ಅಂದ.

ಊಟದ ಮೇಜಿನಿಂದ ಮಗನ ದನಿ ಬಂತು: "ನಾನಂತೂ ಮುಟ್ಟಲ್ಲ. ಅಪ್ಪ, ನೀನೂ ಮುಟ್ಟಬೇಡ. ಅವಳ ಮೇಜು, ಅವಳೇ ಹಿಡಿಯಲಿ."

"ಹೋಗಬೇಡಿ," ಅಂದಳು ಮೇಸ್ತ್ರಿಯ ಹೆಂಡತಿ, ಕುರ್ಚಿಯನ್ನು ಅಡ್ಡ ತಂದು.

ಮೇಸ್ತ್ರಿ ಜೀವಮಾನದಲ್ಲಿ ಟೇಪಿನ ಆ ತುದಿ ಹಿಡಿದವನಲ್ಲ. ಅದು ಕೆಲಸದವರು ಹಿಡಿಯುವ ತುದಿ. ಅವನು ಕುರ್ಚಿಯ ಬೆನ್ನು ಹಿಡಿದು ಮೆಲ್ಲಗೆ ಪಕ್ಕಕ್ಕೆ ಉರುಳಿಸಿದ. "ನೀನು ಸುಮ್ಮನಿರೋ," ಎಂದು ಮಗನ ಕಡೆಗೆ ಒಂದು ಮಾತು ಎಸೆದು, ಹೊಸ್ತಿಲು ದಾಟಿದ.

ವೆಲ್ಡಿಂಗ್‌ನವನು ಟೇಪಿನ ತುದಿಯನ್ನು ಗೋಡೆಗೆ ಒತ್ತಿ ಹಿಡಿಯಲು ಹೇಳಿದ. ಮೇಸ್ತ್ರಿ ಅದನ್ನು ಕೈಯಲ್ಲಿ ಹಿಡಿದು ಅಲ್ಲೇ ನಿಂತ.

"ಗೋಡೆಯಿಂದ ಬೇಡ. ಮೊದಲು ಅವಳು ಕೂತ್ಕೊಳ್ಳಲಿ. ಅವಳು ಕೂತಲ್ಲಿಂದ ಎರಡು ಕಡೆಗೂ ಹಿಡಿ."

ಸೊಸೆ ಅವನ ಮುಖ ನೋಡಲಿಲ್ಲ. ಪ್ಲಾಸ್ಟಿಕ್ ಕುರ್ಚಿ ಎಳೆದು, ಮುರಿದ ಹಲಗೆಯ ಮುಂದೆ ಕಾಲು ನೆಟ್ಟಗೆ ಚಾಚಿ ಕೂತಳು. ಮೇಸ್ತ್ರಿ ಬಗ್ಗಿ, ನಡುಗುವ ಬೆರಳಲ್ಲಿ ಟೇಪಿನ ತುದಿಯನ್ನು ಹಲಗೆಯ ಅಂಚಿಗೆ ಒತ್ತಿದ.

"ಅಲ್ಲಲ್ಲ," ಅಂದಳು ಅವಳು, ಗಡುಸಾಗಿಯೇ. "ಸ್ವಲ್ಪ ಎಡಕ್ಕೆ."

ಮೇಸ್ತ್ರಿ ಎಡಕ್ಕೆ ಸರಿಸಿದ.

"ಇನ್ನೂ ಸ್ವಲ್ಪ."

ಇನ್ನೂ ಸ್ವಲ್ಪ ಸರಿಸಿದ.